ಅಕಿಹಾಬರದ ಏಳು ಮಹಡಿ, ಅಪ್ಪನ ಅರವತ್ತು ಪ್ಲೇಟು

ಟೋಕಿಯೋದ ಅಕಿಹಾಬರ ಸ್ಟೇಷನ್ನಿನಲ್ಲಿ ಇಳಿದು, 'ಎಲೆಕ್ಟ್ರಿಕ್ ಟೌನ್' ಅಂತ ಬೋರ್ಡು ಇರುವ ಕಡೆಯಿಂದ ಹೊರಬಂದರೆ ಮೊದಲು ಕಣ್ಣಿಗೆ ಬೀಳೋದು ಆನಿಮೆ ಹುಡುಗಿಯರ ಆಳೆತ್ತರದ ಚಿತ್ರಗಳು. ಬಹಳ ಜನ ಅಲ್ಲೇ ನಿಂತು ಸೆಲ್ಫಿ ತೆಗೆದುಕೊಂಡು, ಅಕಿಹಾಬರ ನೋಡಿ ಆಯ್ತು ಅಂತ ವಾಪಸ್ ಹೋಗುತ್ತಾರೆ. ಹಳೇ ಅಕಿಹಾಬರ ನೋಡಬೇಕಾದರೆ ಪಕ್ಕದಲ್ಲೇ ಸೋಬು ಲೈನಿನ ರೈಲು ಓಡುವ ಮೇಲ್ಸೇತುವೆಯ ಕೆಳಗೆ ನುಗ್ಗಬೇಕು. ಅದರ ಹೆಸರು ರೇಡಿಯೋ ಸೆಂಟರ್.

ಒಬ್ಬರು ನಡೆದರೆ ಎದುರಿನವರು ಪಕ್ಕಕ್ಕೆ ಸರಿಯಬೇಕು, ಅಷ್ಟು ಕಿರಿದಾದ ಓಣಿಗಳು. ಎರಡೂ ಕಡೆ ಗೂಡಿನಂಥ ಅಂಗಡಿಗಳು. ಒಂದರಲ್ಲಿ ಬರೀ ಸ್ವಿಚ್ಚು. ಇನ್ನೊಂದರಲ್ಲಿ ಬರೀ ವೈರು, ಬಣ್ಣ ಬಣ್ಣದ ಸುರುಳಿಗಳು. ಮತ್ತೊಂದರಲ್ಲಿ ಟ್ರಾನ್ಸ್‌ಫಾರ್ಮರ್ ಬಿಟ್ಟರೆ ಬೇರೆ ಏನೂ ಇಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಈ ಸುತ್ತಮುತ್ತ ರಸ್ತೆ ಬದಿಯಲ್ಲಿ ರೇಡಿಯೋ ಬಿಡಿಭಾಗ ಮಾರುವವರು ತುಂಬಿಕೊಂಡಿದ್ದರಂತೆ. 1949ರಲ್ಲಿ, ಅಮೆರಿಕನ್ ಆಡಳಿತದ ಕಾಲದಲ್ಲಿ, ಬೀದಿ ಅಂಗಡಿಗಳನ್ನು ಎತ್ತಿಸುವ ಆದೇಶ ಬಂತು. ಆಗ ಈ ವ್ಯಾಪಾರಿಗಳು ರೈಲು ಹಳಿಯ ಕೆಳಗೆ ಜಾಗ ಮಾಡಿಕೊಂಡರು. ಈಗಲೂ ಮೇಲೆ ರೈಲು ಹೋದರೆ ಕೆಳಗೆ ಡಬ್ಬಿಯೊಳಗಿನ ಸ್ಕ್ರೂಗಳು ಸಣ್ಣಗೆ ನಡುಗುತ್ತವೆ.

ಬೆಂಗಳೂರಿನ ಎಸ್‌.ಪಿ. ರೋಡ್ ಗೊತ್ತಿದ್ದವರಿಗೆ ಇಲ್ಲಿ ಪರಕೀಯ ಅನ್ನಿಸೋದಿಲ್ಲ. ವಾಸನೆ ಕೂಡ ಅದೇ: ಸೋಲ್ಡರ್, ರಟ್ಟಿನ ಡಬ್ಬಿ, ಸ್ವಲ್ಪ ಧೂಳು. ಒಂದೇ ವ್ಯತ್ಯಾಸ, ಇಲ್ಲಿ ಯಾರೂ 'ಬನ್ನಿ ಸಾರ್, ಏನ್ ಬೇಕು ಸಾರ್' ಅನ್ನೋದಿಲ್ಲ. ಕೂತವರು ಕೂತೇ ಇರುತ್ತಾರೆ. ನೀವು ಕೇಳಿದರೆ ಮಾತ್ರ ಎದ್ದು ನೂರಾರು ಸಣ್ಣ ಡ್ರಾಯರುಗಳಲ್ಲಿ ಸರಿಯಾದ ಒಂದನ್ನು ನೋಡದೇ ಎಳೆಯುತ್ತಾರೆ.

ಆಫೀಸಿನ ಕೆಲಸದ ಮೇಲೆ ಮೂರು ವಾರ ಟೋಕಿಯೋಗೆ ಹೋಗಿದ್ದೆ. ಉಳಿದಿದ್ದು ನಿಶಿಕಸಾಯ್‌ನಲ್ಲಿ, ಹಾಸನದ ಗೆಳೆಯನೊಬ್ಬನ ಮನೆಯ ಹತ್ತಿರ. ನಮ್ಮ ಐಟಿಯವರು ಅಲ್ಲಿ ಎಷ್ಟಿದ್ದಾರೆ ಅಂದ್ರೆ ಸಂಜೆ ಪಾರ್ಕಿನಲ್ಲಿ ಕ್ರಿಕೆಟ್, ಅಂಗಡಿಯಲ್ಲಿ ಸಾಂಬಾರ್ ಪುಡಿ, ಕಿವಿಗೆ ತೆಲುಗು-ತಮಿಳು-ಕನ್ನಡ ಎಲ್ಲಾ ಬೀಳುತ್ತೆ. ಅಲ್ಲಿಂದ ತೋಜಾಯ್ ಲೈನ್ ಹಿಡಿದು ಕಯಾಬಚೋದಲ್ಲಿ ಹಿಬಿಯಾ ಲೈನಿಗೆ ಬದಲಿಸಿದರೆ ಅಕಿಹಾಬರ. ಮೂರು ಶನಿವಾರವೂ ಹೋದೆ. ಮೂರು ಶನಿವಾರವೂ ಒಂದೇ ವಸ್ತು ಹುಡುಕಿಕೊಂಡು: ಫೋನೋ ಸ್ಟೇಜ್.

ಹೆಸರು ಕೇಳಿರದವರಿಗೆ ಎರಡು ಮಾತು. ಗ್ರಾಮಫೋನ್ ಪ್ಲೇಟಿನ ಗೀರಿನಲ್ಲಿ ಮುಳ್ಳು ಓಡುವಾಗ ಹುಟ್ಟುವ ವಿದ್ಯುತ್ತು ತೀರಾ ಸಣ್ಣದು. ಅದನ್ನು ನೇರವಾಗಿ ಆಂಪ್ಲಿಫೈಯರಿಗೆ ಕೊಟ್ಟರೆ ಏನೂ ಕೇಳಿಸೋದಿಲ್ಲ. ಮಧ್ಯೆ ಒಂದು ಪೆಟ್ಟಿಗೆ ಬೇಕು. ಅದೇ ಫೋನೋ ಸ್ಟೇಜ್. ನಮ್ಮ ಮನೆಯ ಟರ್ನ್‌ಟೇಬಲ್ಲಿನಲ್ಲಿ ಇರೋದು ಡೆನಾನ್ ಡಿಎಲ್-103 ಅನ್ನುವ ಕಾರ್ಟ್ರಿಜ್. ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಗಾಗಿ 1960ರ ದಶಕದ ಮೊದಲಲ್ಲಿ ತಯಾರಾದ ವಿನ್ಯಾಸ, ಇವತ್ತಿಗೂ ತಯಾರಾಗುತ್ತಿದೆ. ಅದು ಕೊಡೋದು 0.3 ಮಿಲಿವೋಲ್ಟ್. ಗೋಡೆ ಗಡಿಯಾರಕ್ಕೆ ಹಾಕುವ ಪೆನ್ಸಿಲ್ ಸೆಲ್ ಇದೆಯಲ್ಲ, ಅದರ 5,000ದಲ್ಲಿ ಒಂದು ಪಾಲು. ಅದನ್ನು ಕನಿಷ್ಠ 1,000 ಪಟ್ಟು ಹಿಗ್ಗಿಸಬೇಕು, ಅಂದ್ರೆ 60 ಡೆಸಿಬಲ್.

ಕೆಲಸ ಅಷ್ಟಕ್ಕೇ ಮುಗಿಯೋದಿಲ್ಲ. ಪ್ಲೇಟು ಕೊರೆಯುವಾಗ ತಗ್ಗಿನ ಸ್ವರಗಳನ್ನು ಬೇಕಂತಲೇ ಕುಗ್ಗಿಸಿ, ಮೇಲಿನ ಸ್ವರಗಳನ್ನು ಹಿಗ್ಗಿಸಿ ಕೊರೆಯುತ್ತಾರೆ. ಇಲ್ಲದಿದ್ದರೆ ತಬಲಾದ ಒಂದು ಏಟಿಗೆ ಗೀರು ಪಕ್ಕದ ಗೀರಿಗೆ ಹೋಗಿ ಮುಟ್ಟುತ್ತದೆ. ಆಡಿಸುವಾಗ ಅದನ್ನು ತಿರುಗಾ ಮುರುಗಾ ಮಾಡಿ ಸರಿದೂಗಿಸಬೇಕು. ಎಷ್ಟು ಅನ್ನೋದನ್ನು 1954ರಲ್ಲಿ ಅಮೆರಿಕದ ರೆಕಾರ್ಡಿಂಗ್ ಉದ್ಯಮದ ಸಂಘ ಗೊತ್ತುಮಾಡಿತು. ಆರ್‌ಐಎಎ ಕರ್ವ್ ಅಂತಾರೆ. ಇದರಲ್ಲೊಂದು ತಮಾಷೆ ಇದೆ. ಈ ಲೆಕ್ಕದ ಪ್ರಕಾರ 50 ಹರ್ಟ್ಸಿನ ಸದ್ದು 1,000 ಹರ್ಟ್ಸಿನದಕ್ಕಿಂತ ಸುಮಾರು 7 ಪಟ್ಟು ಹೆಚ್ಚು ಹಿಗ್ಗುತ್ತದೆ. ನಮ್ಮ ಮನೆಗಳ ಕರೆಂಟು ಎಷ್ಟು ಹರ್ಟ್ಸ್? 50. ಅಂದ್ರೆ ಎಲ್ಲಾದರೂ ಒಂದು ವೈರಿನಿಂದ ಕರೆಂಟಿನ ಗುಂಯ್ ಅನ್ನೋ ಸದ್ದು ಒಳಗೆ ನುಸುಳಿದರೆ, ಅದಕ್ಕೆ ಸಿಗೋದು 7,000 ಪಟ್ಟು ಮರ್ಯಾದೆ! ಫೋನೋ ಸ್ಟೇಜ್ ತಯಾರಿಸುವವರು ಕೇಳುವ ದುಡ್ಡಿನಲ್ಲಿ ದೊಡ್ಡ ಪಾಲು ಈ ಗುಂಯ್ ವಿರುದ್ಧದ ಹೋರಾಟಕ್ಕೆ.

ನಮ್ಮ ಹಿರಿಯರಿಗೆ ಈ ರಗಳೆ ಇರಲಿಲ್ಲ. ಆಗ ಮನೆಮನೆಯಲ್ಲಿದ್ದ ಸೂಟ್‌ಕೇಸ್ ಥರದ ಪ್ಲೇಯರುಗಳ ಸೆರಾಮಿಕ್ ಕಾರ್ಟ್ರಿಜ್ ನೂರಾರು ಮಿಲಿವೋಲ್ಟ್ ಕೊಡುತ್ತಿತ್ತು. ಮಧ್ಯೆ ಪೆಟ್ಟಿಗೆಯೇ ಬೇಕಿರಲಿಲ್ಲ. ಅದಕ್ಕೆ ತೆತ್ತ ಬೆಲೆ ಅಂದ್ರೆ ಭಾರ. ಆ ಮುಳ್ಳುಗಳು ಗೀರಿನ ಮೇಲೆ ಒತ್ತಿ ಕೂತು ಗೀರನ್ನೇ ಸವೆಸಿಬಿಟ್ಟವು. ಧಾರವಾಡದ ಮನೆಯಲ್ಲಿ ಅಪ್ಪ ಕೂಡಿಟ್ಟ ಅರವತ್ತು ಚಿಲ್ಲರೆ ಪ್ಲೇಟುಗಳ ಕಥೆಯೂ ಅದೇ. ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್, ಒಂದಷ್ಟು ಸಿನಿಮಾ ಹಾಡಿನ 45 ಆರ್‌ಪಿಎಂ ಚಿಕ್ಕ ಪ್ಲೇಟು. ಮುಕ್ಕಾಲು ಪಾಲು ಮೋನೋ. ಮೂರು ವರ್ಷದ ಹಿಂದೆ ಅವೆಲ್ಲ ಬೆಂಗಳೂರಿಗೆ, ನನ್ನ ಫ್ಲ್ಯಾಟಿಗೆ ಬಂದವು. ಹೋದ ವರ್ಷ ಅಪ್ಪನೂ ಬಂದರು. ನನ್ನಲ್ಲಿದ್ದ ಸಣ್ಣ ಫೋನೋ ಸ್ಟೇಜಿನಲ್ಲಿ ಆಲಾಪ ಶುರುವಾಗುವ ಮೊದಲಿನ ತಂಬೂರಿ ಒಂದು 'ಸ್ಸ್' ಅನ್ನೋ ಪರದೆಯ ಹಿಂದೆ ಕೂತಂತೆ ಕೇಳುತ್ತಿತ್ತು. ಅಪ್ಪನಿಗೆ ಅರವತ್ತೆಂಟು, ಬಲಗಿವಿ ಮಂದ. ಇನ್ನೆಷ್ಟು ವರ್ಷ ಚೆನ್ನಾಗಿ ಕೇಳುತ್ತಾರೋ ಗೊತ್ತಿಲ್ಲ. ಬೋನಸ್ ದುಡ್ಡು ಎತ್ತಿಟ್ಟಿದ್ದೆ.

ಹೊರಡುವಾಗ ಅಪ್ಪ ಹೇಳಿದ್ದು ಇಷ್ಟೇ: "ಪ್ಲೇಟನ್ಯಾಗ ಇಲ್ಲದ್ದು ಪೆಟಿಗ್ಯಾಗಿಂದ ಎಲ್ಲಿಂದ ಬರ್ತೈತೋ? ನೋಡ್ಕೊಂಡು ತಗೋ."

ರೇಡಿಯೋ ಸೆಂಟರಿನಿಂದ ಹತ್ತು ನಿಮಿಷ ನಡೆದರೆ ಏಳು ಮಹಡಿಯ ಒಂದು ಆಡಿಯೋ ಅಂಗಡಿ. ಮೇಲೆ ಹೋದಂತೆ ಬೆಲೆಯೂ ಮೇಲೆ ಹೋಗುತ್ತದೆ. ಕೆಳಗಿನ ಮಹಡಿಯಲ್ಲಿ ನನ್ನಂಥವರು. ಮೇಲಿನ ಮಹಡಿಗಳಲ್ಲಿ ಲಿಫ್ಟಿನ ಬಾಗಿಲು ತೆರೆದ ಕೂಡಲೇ ಕಾಲಿಗೆ ದಪ್ಪ ಕಾರ್ಪೆಟ್, ಕಿವಿಗೆ ಮೌನ. ಬೆಂಗಳೂರಲ್ಲಿ ಇಂಥ ವಸ್ತು ಕೇಳಬೇಕಂದ್ರೆ ಮೊದಲು ಫೋನ್, ಆಮೇಲೆ 'ಸೀರಿಯಸ್ ಬೈಯರಾ ಸಾರ್?' ಅನ್ನೋ ಪ್ರಶ್ನೆ. ಇಲ್ಲಿ ಹೆಸರು ಬರೆಸಿದರೆ ಸಾಕು, ಕೂತು ಕೇಳಲು ಸಮಯ ಕೊಡುತ್ತಾರೆ. ನನಗೆ ಸಿಕ್ಕವರು ಐವತ್ತು ದಾಟಿದ ಒಬ್ಬ ಸೌಮ್ಯ ಮನುಷ್ಯ. ಇಂಗ್ಲಿಷ್ ಅಷ್ಟಕ್ಕಷ್ಟೆ. ಫೋನಿನ ಅನುವಾದದ ಆ್ಯಪ್ ನಮ್ಮಿಬ್ಬರ ನಡುವಿನ ದುಭಾಷಿ.

ಅವರು ಮೊದಲು ಬಜೆಟ್ ಕೇಳಲಿಲ್ಲ. ಕಾರ್ಟ್ರಿಜ್ ಯಾವುದು ಅಂತ ಕೇಳಿದರು. ಡಿಎಲ್-103 ಅಂದೆ. ಮುಖ ಅರಳಿತು. ಎರಡನೇ ಪ್ರಶ್ನೆ: ಎಂಥ ಪ್ಲೇಟು ಕೇಳುತ್ತೀರಿ? ಬ್ಯಾಗಿನಿಂದ ಮನ್ಸೂರರ ಎಚ್‌ಎಂವಿ ಎಲ್‌ಪಿ ತೆಗೆದೆ, ಜೊತೆಗೊಂದು ಚಿಕ್ಕ ಪ್ಲೇಟು. ಹೌದು, ಬೆಂಗಳೂರಿನಿಂದ ಟೀ ಶರ್ಟುಗಳ ನಡುವೆ ಸುತ್ತಿ ತಂದಿದ್ದೆ. ಆಡಿಯೋ ಅಂಗಡಿಗೆ ಹೋಗುವವರು ನಿಮ್ಮದೇ ಪ್ಲೇಟು ಒಯ್ಯಿರಿ. ಅವರ ಪ್ಲೇಟಿನಲ್ಲಿ ಎಲ್ಲಾ ಪೆಟ್ಟಿಗೆಗಳೂ ಸ್ವರ್ಗವೇ. ಅವರು ಬೆಳಕಿಗೆ ಹಿಡಿದು ಗೀರುಗಳನ್ನು ನೋಡಿ, ನನ್ನ ಮುಖ ನೋಡಿ, ಬಿಳಿ ಬ್ರಶ್‌ನಿಂದ ಒರೆಸತೊಡಗಿದರು. ಐದು ನಿಮಿಷ ಒರೆಸಿದರು. ಆ ಪ್ಲೇಟಿಗೆ ಹುಟ್ಟಿದಾಗಿನಿಂದ ಯಾರೂ ಅಷ್ಟು ಸೇವೆ ಮಾಡಿರಲಿಲ್ಲ.

ಮೂರನೇ ಪ್ರಶ್ನೆ ಬಹಳ ಮುಖ್ಯದ್ದು: ಮನೆಯಲ್ಲಿ ಎಷ್ಟು ವೋಲ್ಟ್? ಜಪಾನಿನಲ್ಲಿ 100, ನಮ್ಮಲ್ಲಿ 230. ಅವರು ತಲೆ ಅಲ್ಲಾಡಿಸಿ, ಇಲ್ಲಿ ಮಾರುವುದೆಲ್ಲ ಈ ದೇಶದ ಬಳಕೆಗೆ ಮಾತ್ರ, ಹೊರದೇಶಕ್ಕೆ ಒಯ್ದರೆ ವಾರಂಟಿ ಇಲ್ಲ, ಅಲ್ಲಿ ಕೆಟ್ಟರೆ ಜವಾಬ್ದಾರಿ ನಿಮ್ಮದೇ ಅಂತ ಆ್ಯಪಿನಲ್ಲಿ ಟೈಪ್ ಮಾಡಿ, ತಲೆಬಾಗಿ ತೋರಿಸಿದರು. ಮಾರುವ ಮೊದಲೇ ಇದನ್ನು ಹೇಳುವ ಅಂಗಡಿಯವರನ್ನು ನಾನಂತೂ ಜಾಸ್ತಿ ನೋಡಿಲ್ಲ. ಅಂದಹಾಗೆ ಜಪಾನಿನಲ್ಲಿ ಇನ್ನೊಂದು ವಿಚಿತ್ರ ಇದೆ. ಟೋಕಿಯೋ ಕಡೆ ಕರೆಂಟು 50 ಹರ್ಟ್ಸ್, ಒಸಾಕಾ ಕಡೆ 60. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಟೋಕಿಯೋದವರು ಜರ್ಮನಿಯಿಂದ ಜನರೇಟರ್ ತರಿಸಿದರು, ಒಸಾಕಾದವರು ಅಮೆರಿಕದಿಂದ. ಆ ಭೇದ ಇವತ್ತಿಗೂ ಹೋಗಿಲ್ಲ. ನನಗೆ ಅದರಿಂದ ಅನುಕೂಲವೇ ಆಯ್ತು, ಟೋಕಿಯೋದಲ್ಲಿ ಕೇಳುವ ಗುಂಯ್ ನಮ್ಮೂರಿನ ಗುಂಯ್‌ನ ಶ್ರುತಿಯಲ್ಲೇ ಇರುತ್ತದೆ.

ಮೊದಲು ಕೇಳಿದ್ದು ಅಕ್ಯುಫೇಸ್. 1972ರಲ್ಲಿ ಶುರುವಾದ ಯೋಕೊಹಾಮಾದ ಕಂಪನಿ. ಮೊದಲು ಟ್ರಿಯೋ ಕಟ್ಟಿ, ಅದನ್ನು ಬಿಟ್ಟು ಬಂದ ಕಾಸುಗಾ ಸಹೋದರರು ಇದನ್ನು ಕಟ್ಟಿದರು. ಟ್ರಿಯೋ ಅಂದ್ರೆ ಆಮೇಲೆ ಕೆನ್‌ವುಡ್ ಆದದ್ದು. ಅಕ್ಯುಫೇಸಿನ ಸಿ-47 ಪೂರಾ ಫೋನೋ ಸ್ಟೇಜ್, ಹೊಂಬಣ್ಣದ ಮುಖ, ಗುಂಡಿ ತಿರುಗಿಸಿದರೆ ಎಣ್ಣೆಯಲ್ಲಿ ತಿರುಗಿದ ಹಾಗೆ. ಬೆಲೆಯ ಚೀಟಿಯನ್ನು ಮನಸ್ಸಿನಲ್ಲೇ ರೂಪಾಯಿಗೆ ಬದಲಿಸಿದೆ: ಒಂದು ಹೊಸ ಬುಲೆಟ್ ಬೈಕ್ ಬರುತ್ತಿತ್ತು. ಎರಡನೆಯದು ಲಕ್ಸ್‌ಮನ್ ಇ-250, ಅದರ ಅರ್ಧಕ್ಕಿಂತ ಕಡಿಮೆ. ಲಕ್ಸ್‌ಮನ್ ಇನ್ನೂ ಹಳೇ ಕುಳ, 1925ರಲ್ಲಿ ಒಸಾಕಾದ ಒಂದು ಚಿತ್ರದ ಚೌಕಟ್ಟು ಮಾರುವ ಅಂಗಡಿಯ ರೇಡಿಯೋ ವಿಭಾಗವಾಗಿ ಹುಟ್ಟಿದ್ದು. ಜಪಾನಿನಲ್ಲಿ ರೇಡಿಯೋ ಪ್ರಸಾರ ಶುರುವಾದ ವರ್ಷವೇ ಅದು.

ವಾಲ್ವ್ ಯಾಕೆ ಬೇಡ, ಸಾಲಿಡ್ ಸ್ಟೇಟೇ ಯಾಕೆ ಅಂತ ಕೇಳುವವರು ಇದ್ದಾರೆ. ವಾಲ್ವಿನ ಕಿತ್ತಳೆ ಬೆಳಕು ಇನ್‌ಸ್ಟಾಗ್ರಾಂಗೆ ಚೆಂದ, ಧ್ವನಿಯೂ ಚೆಂದ, ಒಪ್ಪುತ್ತೇನೆ. ಆದರೆ 0.3 ಮಿಲಿವೋಲ್ಟಿನ ಹತ್ತಿರ ವಾಲ್ವಿನ ಸ್ವಂತದ ಗದ್ದಲವೇ ಹೆಚ್ಚು. ಅದಕ್ಕೆ ಮುಂದೆ ಒಂದು ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ಬೇಕು, ಒಳ್ಳೆಯದಕ್ಕೆ ಮತ್ತೆ ಅಷ್ಟೇ ದುಡ್ಡು. ವಾಲ್ವ್ ಸವೆದರೆ ಹೊಸದು ತರಿಸಬೇಕು, ಜೋಡಿ ಹೊಂದಿಸಬೇಕು. ಟ್ರಾನ್ಸಿಸ್ಟರ್ ಪೆಟ್ಟಿಗೆ ಸದ್ದಿಲ್ಲದೆ ಇಪ್ಪತ್ತು ವರ್ಷ ಬಿದ್ದಿರುತ್ತದೆ. ನನಗೆ ಹವ್ಯಾಸ ಬೇಕಿರಲಿಲ್ಲ, ತಂಬೂರಿ ಬೇಕಿತ್ತು.

ಕೇಳುವ ಮೊದಲು ಆ ಮನುಷ್ಯ ಒಂದು ಕೆಲಸ ಮಾಡಿದರು. ಎರಡು ಪೆಟ್ಟಿಗೆಗಳ ಗೇನ್ ಬೇರೆ ಬೇರೆ ಆದ್ದರಿಂದ, ಒಂದೇ ಟೆಸ್ಟ್ ಪ್ಲೇಟು ಹಾಕಿ ಮೀಟರ್ ನೋಡಿ ವಾಲ್ಯೂಮ್ ಸರಿಸಮ ಮಾಡಿದರು. ಇದನ್ನು ಮಾಡದೇ ಹೋಲಿಸಿದರೆ ಯಾವುದು ಸ್ವಲ್ಪ ಜೋರೋ ಅದೇ ಚೆನ್ನಾಗಿದೆ ಅನ್ನಿಸುತ್ತದೆ. ನಮ್ಮ ಕಿವಿ ಅಷ್ಟು ಸುಲಭಕ್ಕೆ ಲಂಚ ತಗೊಳ್ಳುತ್ತೆ.

ಮುಳ್ಳನ್ನು ಮೇಲೆತ್ತಿ ಇಟ್ಟು ವಾಲ್ಯೂಮ್ ಏರಿಸಿದರು. ಅಕ್ಯುಫೇಸಿನಲ್ಲಿ ಕಿವಿಯನ್ನು ಸ್ಪೀಕರಿಗೆ ಹಚ್ಚಿದರೂ ಹೆಚ್ಚೇನೂ ಇಲ್ಲ. ಲಕ್ಸ್‌ಮನ್‌ನಲ್ಲಿ ದೂರದ ಮಳೆಯಷ್ಟು. ನನ್ನ ಊರಿನ ಪೆಟ್ಟಿಗೆ ಈ ಮಟ್ಟದಲ್ಲಿ ಕುಕ್ಕರಿನ ಥರ ಕೂಗುತ್ತಿತ್ತು. ಇಲ್ಲೊಂದು ಎಂಜಿನಿಯರಿಂಗ್ ಮಾತು ಹೇಳಲೇಬೇಕು. ಡಿಎಲ್-103ರ ಒಳಗಿನ ತಾಮ್ರದ ಸುರುಳಿಗೆ 40 ಓಮ್ ರೋಧ ಇದೆ. ಕೋಣೆಯ ಉಷ್ಣಾಂಶದಲ್ಲಿ ಅಷ್ಟು ರೋಧ ಇರುವ ಯಾವ ತಂತಿಯಾದರೂ ತಾನಾಗಿ ಒಂದು ಗದ್ದಲ ಹುಟ್ಟಿಸುತ್ತದೆ. ಎಲೆಕ್ಟ್ರಾನುಗಳ ಚಡಪಡಿಕೆ ಅದು. ಕೇಳುವ ವ್ಯಾಪ್ತಿಯಲ್ಲಿ ಅದು ಅಂದಾಜು 0.1 ಮೈಕ್ರೋವೋಲ್ಟ್. ಸಂಗೀತದ ಸಾಮಾನ್ಯ ಮಟ್ಟಕ್ಕೂ ಇದಕ್ಕೂ ಅಂತರ ಸುಮಾರು 68 ಡೆಸಿಬಲ್. ಕೋಟಿ ರೂಪಾಯಿಯ ಫೋನೋ ಸ್ಟೇಜ್ ತಂದರೂ ಈ ಕಾರ್ಟ್ರಿಜ್ ಜೊತೆ ಆ ಗೋಡೆ ದಾಟಲಾಗದು. ಒಳ್ಳೆಯ ಪೆಟ್ಟಿಗೆ ಆ ಗೋಡೆಯ ಹತ್ತಿರ ಬರುತ್ತೆ, ಅಷ್ಟೇ. ಲಕ್ಸ್‌ಮನ್ ಹತ್ತಿರ ಬಂದಿತ್ತು. ಅಕ್ಯುಫೇಸ್ ಇನ್ನೂ ಹತ್ತಿರ.

ಆಮೇಲೆ ಮನ್ಸೂರರ ಪ್ಲೇಟು. ಜಪಾನಿನ ಆ ನೀರವ ಕೋಣೆಯಲ್ಲಿ ತಂಬೂರಿ ಶುರುವಾದಾಗ ಅಂಗಡಿಯವರು ಕೈಕಟ್ಟಿ ತಲೆ ತಗ್ಗಿಸಿ ನಿಂತರು. ಅಕ್ಯುಫೇಸಿನಲ್ಲಿ ತಂಬೂರಿಯ ನಾಲ್ಕೂ ತಂತಿ ಬಿಡಿಬಿಡಿಯಾಗಿ ಕೇಳಿದವು ಅಂದ್ರೆ ಸುಳ್ಳಲ್ಲ. ಮುಳ್ಳು ಗೀರಿಗೆ ಇಳಿದ ಕ್ಷಣದಿಂದ ಮಾತ್ರ ಎರಡು ಪೆಟ್ಟಿಗೆಗಳ ಗದ್ದಲದ ವ್ಯತ್ಯಾಸ ಎಲ್ಲಿ ಹೋಯ್ತೋ ಗೊತ್ತಾಗಲಿಲ್ಲ. ಪ್ಲೇಟಿನದೇ ಚರಚರ ಅದರ ಎಷ್ಟೋ ಪಟ್ಟು ಮೇಲಿತ್ತು. ಐವತ್ತು ವರ್ಷ ಭಾರದ ಮುಳ್ಳಿನಡಿ ಸವೆದ ಗೀರಿಗೆ ಯಾವ ಮಹಡಿಯಲ್ಲೂ ಮದ್ದಿಲ್ಲ.

ಕೇಳಿಸಿದ ವ್ಯತ್ಯಾಸ ಬೇರೆ ಕಡೆ ಇತ್ತು, ಪ್ಲೇಟಿನ ಮೇಲಿನ 'ಟಕ್' 'ಟಕ್'ಗಳಲ್ಲಿ. ಗೀರು ಬಿದ್ದ ಜಾಗಕ್ಕೆ ಮುಳ್ಳು ಬಂದಾಗ ಹುಟ್ಟುವ ವೋಲ್ಟೇಜ್ ಸಂಗೀತಕ್ಕಿಂತ ಎಷ್ಟೋ ಪಟ್ಟು ದೊಡ್ಡದು, ಚೂಪು. ಸಣ್ಣ ಪೆಟ್ಟಿಗೆಗಳು ಅಲ್ಲಿ ಉಸಿರುಗಟ್ಟಿ, ಸುಧಾರಿಸಿಕೊಳ್ಳುವಷ್ಟರಲ್ಲಿ ಟಕ್ ಅನ್ನೋದು 'ಟಪ್ಪ್' ಆಗಿ ಎಳೆಯುತ್ತದೆ. ಇವೆರಡರಲ್ಲೂ ಟಕ್ ಬಂದು ಅಲ್ಲೇ ಸತ್ತುಹೋಗುತ್ತಿತ್ತು, ಹಾಡು ಅದರ ಹಿಂದಿನಿಂದ ಏನೂ ಆಗದ ಹಾಗೆ ಮುಂದುವರಿಯುತ್ತಿತ್ತು. ಹಳೇ ಪ್ಲೇಟು ಕೇಳುವವರು ಪಟ್ಟಿಯಲ್ಲಿ ಗದ್ದಲದ ಅಂಕಿಗಿಂತ ಮೊದಲು ಓವರ್‌ಲೋಡ್ ಅಂಕಿ ನೋಡಬೇಕು. ಅದನ್ನು ಯಾರೂ ದಪ್ಪಕ್ಷರದಲ್ಲಿ ಬರೆಯೋದಿಲ್ಲ.

ಆಮೇಲೆ ಅವರು ಲಕ್ಸ್‌ಮನ್‌ನ ಮುಖದ ಮೇಲಿನ ಒಂದು ಸಣ್ಣ ಸ್ವಿಚ್ ಒತ್ತಿದರು: ಮೋನೋ. ಚರಚರ ಅರ್ಧಕ್ಕೆ ಇಳಿದಂತೆ ಅನ್ನಿಸಿತು. ಮ್ಯಾಜಿಕ್ ಏನಿಲ್ಲ. ಮೋನೋ ಪ್ಲೇಟಿನಲ್ಲಿ ಸಂಗೀತ ಇರೋದು ಗೀರಿನ ಅಡ್ಡ ಚಲನೆಯಲ್ಲಿ ಮಾತ್ರ. ಧೂಳು, ಡೊಂಕು, ಸವೆತ ಮುಳ್ಳನ್ನು ಮೇಲೆ ಕೆಳಗೂ ಕುಣಿಸುತ್ತವೆ. ಸ್ಟೀರಿಯೋ ಕಾರ್ಟ್ರಿಜ್ ಅದನ್ನೂ ಹಿಡಿಯುತ್ತದೆ. ಎರಡು ಚಾನೆಲ್ ಕೂಡಿಸಿದರೆ ಮೇಲೆ-ಕೆಳಗಿನದು ಒಂದಕ್ಕೊಂದು ಹೊಡೆದುಹೋಗುತ್ತೆ, ಅಡ್ಡದ್ದು ಉಳಿಯುತ್ತೆ. ಪಕ್ಕದಲ್ಲೇ ಲೋ-ಕಟ್ ಸ್ವಿಚ್. ಬಿಸಿಲಿಗೆ ಬಾಗಿದ ಪ್ಲೇಟು ಒಂದು ಸುತ್ತಿಗೆ ಒಂದು ಸಲ, ಅಂದ್ರೆ ಎರಡು ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಸಲ, ಮುಳ್ಳನ್ನು ಎತ್ತಿ ಇಳಿಸುತ್ತದೆ. ಅದು ಕಿವಿಗೆ ಕೇಳೋದಿಲ್ಲ, ಆದ್ರೆ ಸ್ಪೀಕರಿನ ಕೋನ್ ಕಪ್ಪೆಯ ಗಂಟಲಿನ ಹಾಗೆ ಉಬ್ಬಿ ಇಳಿಯುತ್ತಾ ಆಂಪ್ಲಿಫೈಯರಿನ ಶಕ್ತಿ ತಿನ್ನುತ್ತಿರುತ್ತೆ. ಅಪ್ಪನ ಪ್ಲೇಟುಗಳಲ್ಲಿ ಹಪ್ಪಳದಂತೆ ಬಾಗಿದವು ಹತ್ತಾದರೂ ಇವೆ.

ತಲೆಯಲ್ಲಿ ಲೆಕ್ಕ ನಡೆಯುತ್ತಲೇ ಇತ್ತು. ಏನೂ ಕೊಳ್ಳದೆ ಕೈಮುಗಿದು ಕೆಳಗಿಳಿದೆ. ಅವರು ಲಿಫ್ಟಿನ ಬಾಗಿಲು ಮುಚ್ಚುವವರೆಗೂ ತಲೆಬಾಗಿಯೇ ನಿಂತಿದ್ದರು.

ಎರಡನೇ ಶನಿವಾರ ಪೂರ್ತಿ ನಡಿಗೆ. ಅಕಿಹಾಬರದಿಂದ ಕಾಂಡಾ ನದಿಯ ಪಕ್ಕದಲ್ಲೇ ಏರು ಹತ್ತಿದರೆ ಕಾಲು ಗಂಟೆಯಲ್ಲಿ ಒಚಾನೊಮಿಜು. ಹಿಜಿರಿಬಾಶಿ ಸೇತುವೆಯ ಮೇಲೆ ನಿಂತರೆ ಒಂದು ಕಡೆ ಕನ್ಫ್ಯೂಶಿಯಸನ ದೇವಾಲಯ, ಇನ್ನೊಂದು ಕಡೆ ಹಸಿರು ಗುಮ್ಮಟದ ನಿಕೊಲಾಯ್ ಚರ್ಚು, ಕೆಳಗೆ ನದಿ, ನದಿಯ ಪಕ್ಕ ಜೆಆರ್ ರೈಲು. ಅದಕ್ಕೂ ಕೆಳಗೆ ಸುರಂಗದಿಂದ ಒಂದು ಮೆಟ್ರೋ ಹೊರಬಂದು, ನದಿ ದಾಟಿ, ಮತ್ತೆ ಸುರಂಗದೊಳಗೆ ಮಾಯ. ಅರ್ಧ ಗಂಟೆ ಅಲ್ಲೇ ನಿಂತೆ. ಗಿಟಾರ್ ಅಂಗಡಿಗಳ ಬೀದಿ ದಾಟಿದರೆ ಹಳೇ ಪ್ಲೇಟಿನ ಅಂಗಡಿಗಳು. ಪ್ರತಿ ಪ್ಲೇಟಿಗೂ ಪ್ಲಾಸ್ಟಿಕ್ ಜೋಳಿಗೆ, ಮೇಲೊಂದು ಚೀಟಿ: ಕವರಿನ ಸ್ಥಿತಿ ಇಷ್ಟು, ಪ್ಲೇಟಿನ ಸ್ಥಿತಿ ಇಷ್ಟು, ಇಂಥ ಕಡೆ ಸಣ್ಣ ಗೀರು. ಜಪಾನಿ ಪ್ಲೇಟುಗಳಿಗೆ ಸೊಂಟಪಟ್ಟಿಯ ಥರ ಸುತ್ತಿದ ಕಾಗದ ಇರುತ್ತದೆ, ಓಬಿ ಅಂತಾರೆ. ಅದು ಉಳಿದಿದ್ದರೆ ಬೆಲೆ ಹೆಚ್ಚು. ರವಿಶಂಕರರ ಪ್ಲೇಟುಗಳು ನಾಲ್ಕೈದು ಸಿಕ್ಕವು. ಮನ್ಸೂರ್ ಇರಲಿಲ್ಲ.

ಅಲ್ಲಿಂದ ಇಳಿಜಾರಿನಲ್ಲಿ ಪುಸ್ತಕದಂಗಡಿಗಳ ಜಿಂಬೋಚೋ, ಅಲ್ಲಿಂದ ಹಾನ್ಜೋಮೋನ್ ಲೈನಿನಲ್ಲಿ ನೇರ ಶಿಬುಯಾ. ಹಾಸನದ ಗೆಳೆಯ ಹೇಳಿದ್ದ, ಪೆಟ್ಟಿಗೆ ತಗೊಳ್ಳೋ ಮುಂಚೆ 'ಲಯನ್'ಗೆ ಹೋಗು ಅಂತ. ಡೋಗೆನ್‌ಜಾಕ ಅನ್ನೋ ಏರುದಾರಿಯ ಹಿಂದಿನ ಗಲ್ಲಿಯಲ್ಲಿ, ಲಾಡ್ಜುಗಳ ಬೋರ್ಡುಗಳ ನಡುವೆ ಒಂದು ಕಲ್ಲಿನ ಮುಖದ ಕಟ್ಟಡ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳಲೆಂದೇ 1926ರಲ್ಲಿ ಶುರುವಾದ ಕಾಫಿ ಅಂಗಡಿ ಅದು. ಯುದ್ಧದಲ್ಲಿ ಸುಟ್ಟುಹೋಗಿ 1950ರಲ್ಲಿ ಮತ್ತೆ ಎದ್ದಿತು. ಒಳಗೆ ಕತ್ತಲು. ಕುರ್ಚಿಗಳೆಲ್ಲ ಸ್ಪೀಕರಿನ ಕಡೆ ಮುಖ ಮಾಡಿವೆ, ದೇವರ ಮುಂದೆ ಕೂತ ಹಾಗೆ. ಎರಡು ಮಹಡಿಯ ಎತ್ತರಕ್ಕೆ ಮರದ ಸ್ಪೀಕರ್. ಮಾತಾಡುವಂತಿಲ್ಲ, ಫೋಟೋ ತೆಗೆಯುವಂತಿಲ್ಲ. ಕಾಫಿ ತಂದುಕೊಟ್ಟವರು ಕೂಡ ಪಿಸುಗುಟ್ಟಿದರು.

ಒಂದು ಪಿಯಾನೋ ಪ್ಲೇಟು ನಡೆಯುತ್ತಿತ್ತು. ಚರಚರ ಸ್ಪಷ್ಟವಾಗಿ ಕೇಳುತ್ತಿತ್ತು, ಒಗ್ಗರಣೆಯ ಹಾಗೆ. ಒಬ್ಬರೂ ಹುಬ್ಬು ಗಂಟಿಕ್ಕಲಿಲ್ಲ. ಮುಂದಿನ ಸಾಲಿನಲ್ಲಿ ಕೋಟು ಹಾಕಿದ ಒಬ್ಬ ಅಜ್ಜ ಕಣ್ಣು ಮುಚ್ಚಿಕೊಂಡು ಬೆರಳಲ್ಲಿ ತಾಳ ಹಾಕುತ್ತಿದ್ದರು. ಆ ಗದ್ದಲ ಕೋಣೆಯ ಒಂದು ಭಾಗ, ಸಂಗೀತ ಇನ್ನೊಂದು ಭಾಗ. ಎರಡೂ ಬೇರೆ ಬೇರೆ ಜಾಗದಲ್ಲಿ ಕೂತಿದ್ದವು. ಒಂದೂವರೆ ಗಂಟೆ ಕೂತೆ. ಫೋನ್ ತೆಗೆಯದೆ ಒಂದೂವರೆ ಗಂಟೆ ಕೂತು ಎಷ್ಟು ವರ್ಷ ಆಗಿತ್ತೋ.

ಲಯನ್‌ನಲ್ಲಿ ಕೂತಾಗಲೇ ಬೆಂಗಳೂರಿನ ನನ್ನ ಹಾಲ್ ನೆನಪಾಯಿತು. ಹೊರಡುವ ಮೊದಲು ಫೋನಿನ ಆ್ಯಪಿನಲ್ಲಿ ಅಳೆದಿದ್ದೆ. ರಾತ್ರಿ ಹನ್ನೊಂದಕ್ಕೆ ಫ್ಯಾನ್ ಆಫ್ ಮಾಡಿ, ಕಿಟಕಿ ಮುಚ್ಚಿದರೂ 38 ಡೆಸಿಬಲ್. ಫ್ಯಾನ್ ಹಾಕಿದರೆ 45. ಫೋನಿನ ಅಳತೆ ತೀರಾ ನಿಖರವಲ್ಲ, ಇರಲಿ, ಅಂದಾಜಿಗೆ ಸಾಕು. ಏಳನೇ ಮಹಡಿಯ ಆ ಕೊನೆಯ ನಿಶ್ಶಬ್ದಕ್ಕೆ ಬುಲೆಟ್ ಬೈಕಿನಷ್ಟು ಕೊಟ್ಟರೆ, ಅದನ್ನು ನನ್ನ ಹಾಲಿನಲ್ಲಿ ಕೇಳಿಸಿಕೊಳ್ಳಲು ಜಾಗವೇ ಇಲ್ಲ. ಅಕ್ಯುಫೇಸ್ ಆ ಬೆಲೆಗೆ ಯೋಗ್ಯ, ಅದರಲ್ಲಿ ಎರಡು ಮಾತಿಲ್ಲ. ಒಳ್ಳೆಯ ಕೋಣೆ, ಒಳ್ಳೆಯ ಸ್ಥಿತಿಯ ಸ್ಟೀರಿಯೋ ಪ್ಲೇಟು, ಮೂರು ನಾಲ್ಕು ಕಾರ್ಟ್ರಿಜ್ ಇರುವವರು ಕಣ್ಣುಮುಚ್ಚಿ ತಗೊಳ್ಳಬಹುದು. ಅಪ್ಪನ ಪ್ಲೇಟುಗಳಿಗೆ ಬೇಕಿದ್ದದ್ದು ಟಕ್ ಬಂದರೆ ತಡೆದುಕೊಳ್ಳುವ ಗಟ್ಟಿತನ, ಒಂದು ಮೋನೋ ಸ್ವಿಚ್ಚು, ಒಂದು ಲೋ-ಕಟ್. ಕೆಲವು ದುಬಾರಿ ಪೆಟ್ಟಿಗೆಗಳಲ್ಲಿ ಹಳೇ ಕಂಪನಿಗಳ ಬೇರೆ ಬೇರೆ ಕರ್ವುಗಳಿಗೆ ಗುಂಡಿಗಳಿರುತ್ತವೆ. 78 ಆರ್‌ಪಿಎಂನ ಅರಗಿನ ಪ್ಲೇಟು ಕೂಡಿಟ್ಟವರಿಗೆ ಅದು ಬೇಕು, ಜೊತೆಗೆ ದಪ್ಪ ಮುಳ್ಳೂ ಬೇಕು. 1960-70ರ ದಶಕದ ನಮ್ಮ ಎಲ್‌ಪಿಗಳಿಗೆ ಬೇಡ.

ಮೂರನೇ ಶನಿವಾರ ಹಳೇ ಸಾಮಾನಿನ ಒಂದು ಆಡಿಯೋ ಅಂಗಡಿಯಲ್ಲಿ ಇ-250 ಸಿಕ್ಕಿತು. ಡಬ್ಬಿ, ಕೈಪಿಡಿ ಎಲ್ಲಾ ಇತ್ತು. ಮೇಲಿನ ಮುಚ್ಚಳದ ಒಂದು ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಗೀರು. ಅದಕ್ಕೂ ಚೀಟಿಯಲ್ಲಿ ಒಂದು ಸಾಲು ಬರೆದು ಬೆಲೆ ಇಳಿಸಿದ್ದರು. ಹಳೇದು ಕೊಳ್ಳುವಾಗ ಎಲ್ಲಾ ಗುಂಡಿಗಳನ್ನೂ ಹತ್ತು ಹತ್ತು ಸಲ ತಿರುಗಿಸಿ ನೋಡಿ. ಟ್ರಾನ್ಸಿಸ್ಟರ್ ಕೆಡೋದು ಅಪರೂಪ, ಸ್ವಿಚ್ಚುಗಳು ಕಪ್ಪುಗಟ್ಟಿ ಕರಕರ ಅನ್ನೋದು ಸಾಮಾನ್ಯ. ಮಂಗಳೂರು ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ.

ಉಳಿದದ್ದು 100 ವೋಲ್ಟಿನ ಪ್ರಶ್ನೆ. ಪವರ್ ಆಂಪ್ಲಿಫೈಯರ್ ಆಗಿದ್ದರೆ ನಾನು ಜಪಾನಿನಿಂದ ತರುತ್ತಲೇ ಇರಲಿಲ್ಲ. ಅದಕ್ಕೆ ಬೇಕಾಗುವ ಟ್ರಾನ್ಸ್‌ಫಾರ್ಮರನ್ನು ಎತ್ತಲು ಇಬ್ಬರು ಬೇಕು. ಫೋನೋ ಸ್ಟೇಜ್ ಒಂದು ಎಲ್‌ಇಡಿ ಬಲ್ಬಿನಷ್ಟು ಕರೆಂಟು ಕುಡಿಯುತ್ತದೆ. ಬೆಂಗಳೂರಿಗೆ ಬಂದ ಮೇಲೆ ಎಸ್‌.ಪಿ. ರೋಡಿನಲ್ಲಿ 230ರಿಂದ 100ಕ್ಕೆ ಇಳಿಸುವ 50 ವಿಎಯ ಒಂದು ಟೊರಾಯ್ಡ್ ಸುತ್ತಿಸಿದೆ. ಹೋಗುವವರು ನೆನಪಿಡಿ: 'ಆಟೋ ಬೇಡ, ಐಸೊಲೇಶನ್, ಎರಡು ಬೇರೆ ವೈಂಡಿಂಗ್' ಅಂತ ಬಿಡಿಸಿ ಹೇಳಬೇಕು. ಆಟೋ ಟ್ರಾನ್ಸ್‌ಫಾರ್ಮರ್ ಅಗ್ಗ, ಆದರೆ ಅದರಲ್ಲಿ ನಮ್ಮ ಲೈನಿಗೂ ಪೆಟ್ಟಿಗೆಗೂ ನಡುವೆ ಬೇಲಿ ಇರೋದಿಲ್ಲ. ಸುತ್ತಿಕೊಟ್ಟವರು ಕನ್ನಡಕ ಮೇಲೆತ್ತಿ ಕೇಳಿದರು, "ಇಷ್ಟ್ ಚಿಕ್ಕದ್ ಯಾತಕ್ಕೆ ಸಾರ್?" ಹಾಡು ಕೇಳೋಕೆ ಅಂದೆ.

ಒಂದು ಎಚ್ಚರಿಕೆ. ಜಪಾನಿನ ಎರಡು ಚಪ್ಪಟೆ ಕಡ್ಡಿಯ ಪ್ಲಗ್ ನಮ್ಮ ಹಳೇ ಸಾಕೆಟ್ಟಿಗೆ ಹೋಗೋದಿಲ್ಲ, ಆದರೆ ಹೊಸ ಫ್ಲ್ಯಾಟುಗಳ ಯೂನಿವರ್ಸಲ್ ಸಾಕೆಟ್ಟಿಗೆ ಆರಾಮಾಗಿ ಹೋಗುತ್ತದೆ. ಮನೆಗೆ ಬಂದ ಯಾರೋ ಫೋನ್ ಚಾರ್ಜ್ ಮಾಡಲು ವೈರು ಕಿತ್ತು, ವಾಪಸ್ ಗೋಡೆಗೆ ಚುಚ್ಚಿದರೆ ಕಥೆ ಮುಗಿಯಿತು. ಅದಕ್ಕೆ ಪ್ಲಗ್ಗನ್ನು ಟ್ರಾನ್ಸ್‌ಫಾರ್ಮರಿನ ಸಾಕೆಟ್ಟಿಗೇ ಪಟ್ಟಿ ಹಾಕಿ ಬಿಗಿದು, ಮೇಲೆ ಕನ್ನಡದಲ್ಲೂ ಹಿಂದಿಯಲ್ಲೂ ಬರೆದು ಅಂಟಿಸಿದ್ದೇನೆ. ಟ್ರಾನ್ಸ್‌ಫಾರ್ಮರನ್ನು ಟರ್ನ್‌ಟೇಬಲ್ ಪಕ್ಕ ಇಟ್ಟಾಗ ಗುಂಯ್ ಬಂತು, ಸೋಫಾದ ಹಿಂದಕ್ಕೆ ಸರಿಸಿದೆ, ಹೋಯ್ತು. ಟೋನ್ ಆರ್ಮಿನ ಸಣ್ಣ ಅರ್ತ್ ವೈರನ್ನು ಫೋನೋ ಸ್ಟೇಜಿನ ಹಿಂದಿನ ತಿರುಪಿಗೆ ಬಿಗಿಯಲು ಮರೆಯಬೇಡಿ.

ಅಪ್ಪ ಮೊದಲ ಸಲ ಕೇಳಿದ್ದು ಒಂದು ಭಾನುವಾರ ಬೆಳಿಗ್ಗೆ. ಮೋನೋ ಸ್ವಿಚ್ ಒತ್ತಿ, ಫ್ಯಾನ್ ಆಫ್ ಮಾಡಿ ಮನ್ಸೂರರನ್ನು ಹಾಕಿದೆ. ಎಡಗಿವಿಯನ್ನು ಸ್ಪೀಕರಿನ ಕಡೆ ಮಾಡಿ ಕೂತರು. ಒಂದು ಮಗ್ಗುಲು ಮುಗಿಯುವವರೆಗೂ ಮಾತಿಲ್ಲ. ಆಮೇಲೆ, "ತಂಬೂರಿ ಮುಂದ ಬಂದು ಕುಂತೈತಿ. ಚರಚರ ಹಂಗ ಐತಿ. ಇರ್ಲಿ, ಅದೂ ನಮ್ಮ ಮನೀದ," ಅಂದು ಪ್ಲೇಟನ್ನು ತಾವೇ ತಿರುಗಿಸಿ ಹಾಕಿದರು.

ಇನ್ನೂ ಒಂದು ಕೆಲಸ ಬಾಕಿ ಇದೆ. ಫ್ರಿಜ್ಜಿನ ಕಂಪ್ರೆಸರ್ ಶುರುವಾದಾಗಲೆಲ್ಲ ಸ್ಪೀಕರಿನಲ್ಲಿ ಒಂದು 'ಟಕ್' ಬರುತ್ತದೆ. ಅಪ್ಪ ಅದನ್ನು ಪ್ಲೇಟಿನದೇ ಅಂದುಕೊಂಡಿದ್ದಾರೆ. ಆಡಿಯೋಗೆ ಮೀಟರ್ ಬೋರ್ಡಿನಿಂದಲೇ ಬೇರೆ ಲೈನ್ ಎಳೆಸಬೇಕು. ಎಲೆಕ್ಟ್ರಿಷಿಯನ್ ಬರೋ ಭಾನುವಾರ ಬರ್ತೀನಿ ಅಂದಿದ್ದಾರೆ.